ಪಟ್ಟಲಮ್ಮನ ಪೀಠಿಕೆ

ವಿಷಯ ಇಷ್ಟೇ. ಪೂರಿಗಾಲಿಯ ಪಟ್ಟಲಮ್ಮ ಬಾಯಿ ತಡೆಯಲಾರದೆ ಸೊಸೆಗೆ ಒಂದು ಮಾತು ಅಂದಳು, ಸೊಸೆ ಮಂಜುಶ್ರೀ ತವರಿಗೆ ಹೋಗಿ ಕೂತಳು, ಅವಳನ್ನು ವಾಪಸ್ ಕರೆತರುವ ಭಾರ ಅಂದವಳ ತಲೆಯ ಮೇಲೇ ಬಿತ್ತು.

ಇದನ್ನು ನಾನು ಮೊದಲೇ ಹೇಳಿಬಿಟ್ಟೆ. ಪಟ್ಟಲಮ್ಮ ಆಗಿದ್ದರೆ ಹೀಗೆ ಹೇಳುತ್ತಲೇ ಇರಲಿಲ್ಲ. ಪೂರಿಗಾಲಿಗೆ ಮಳವಳ್ಳಿಯಿಂದ ಬಸ್ಸು ಯಾವಾಗ, ಆ ಬಸ್ಸಿನ ಕಂಡಕ್ಟರು ಯಾರ ಅಳಿಯ, ಅವನ ಮಾವನಿಗೆ ಮಂಡಿ ನೋವು ಹೇಗಿದೆ ಅಂತ ಶುರು ಮಾಡಿ, ನೀವು ಕಾಫಿ ಕುಡಿದು, ಎದ್ದು, ಚಪ್ಪಲಿಗೆ ಕಾಲು ತೂರಿಸುವ ಹೊತ್ತಿಗೆ ಸರಿಯಾಗಿ "ಅಂದಂಗೆ" ಅಂತ ಬಾಯಿ ತೆಗೆಯುತ್ತಿದ್ದಳು. ಆ ಅಂದಂಗೆಯ ಹಿಂದೆ ಬರುವುದೇ ನಿಜವಾದ ಸಮಾಚಾರ. ಆ ಕಡೆಯ ಹಳಬರ ಪದ್ಧತಿಯೇ ಅದು. ಹೆಣ್ಣು ಕೇಳಲು ಹೋಗಲಿ, ಮುರಿದ ಮಾತು ಕೂಡಿಸಲು ಹೋಗಲಿ, ಕಾಲಿಟ್ಟ ಕೂಡಲೇ ಬಂದ ಕೆಲಸ ಹೇಳುವುದು ಮರ್ಯಾದೆಯಲ್ಲ. ಹಾಗೆ ಹೇಳಿದರೆ, ಕೆಲಸ ಇತ್ತು ಅಂತ ಬಂದರು, ನಮ್ಮ ಮೇಲಿನ ವಿಶ್ವಾಸಕ್ಕಲ್ಲ ಅಂದುಕೊಂಡಾರು. ಅದಕ್ಕೇ ಹೊರಡುವಾಗ, ಹೊಸಿಲ ಮೇಲೆ ನಿಂತು ಹೇಳಬೇಕು.

ಈಗ ಜಗಳಕ್ಕೆ ಬರೋಣ. ಮಂಜುಶ್ರೀ ಬಿ.ಎ. ಓದಿದವಳು. ಓದಿಗೆ ತಕ್ಕ ಕೆಲಸ ಸಿಗಲಿಲ್ಲ. ಪಡಸಾಲೆಯ ಕಿಟಕಿ ಪಕ್ಕ ಹೊಲಿಗೆ ಮಿಷಿನ್ ಹಾಕಿಕೊಂಡು ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದಳು. ಗಂಡ ಶಿವರಾಮು ಸರ್ಕಾರಿ ಬಸ್ಸಿನ ಡ್ರೈವರು. ಒಬ್ಬಳೇ ಮಗಳು ಚಂದನ ಹತ್ತನೇ ಕ್ಲಾಸು. ಸಂಜೆ ಮಂಜುಶ್ರೀ ಮಿಷಿನ್ ತುಳಿಯುತ್ತಿದ್ದರೆ ಚಂದನ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಪ್ರಬಂಧ ಬರೆದು ಓದಿ ಹೇಳುವಳು. "ಇದು ಬೇಡ, ಹೊಡೆದು ಹಾಕು. ಇದು ಮೇಲೆ ಬರಲಿ" ಅಂತ ತಾಯಿ ಸೂಜಿಯಿಂದ ಕಣ್ಣು ತೆಗೆಯದೆ ತಿದ್ದುವಳು. ಕನ್ನಡ ಪರೀಕ್ಷೆಯಲ್ಲಿ ಚಂದನಳ ಪ್ರಬಂಧಕ್ಕೆ ಪೂರ್ತಿ ಅಂಕ ಬರುತ್ತಿದ್ದದ್ದು ಹೀಗೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ, ರವಿಕೆಗೆ ಬಂದ ಇಬ್ಬರು ಹೆಂಗಸರು ಪಡಸಾಲೆಯಲ್ಲಿ ಕೂತಿದ್ದರು. ಒಳಗಿನಿಂದ ಪಟ್ಟಲಮ್ಮ ಕೂಗಿದಳು.

"ಚಂದನಿ, ಪಾತ್ರೆ ಬಿದ್ದವೆ, ಬಾ ಇಲ್ಲಿ."

"ಅತ್ತೆ, ಅವಳು ಪ್ರಬಂಧ ಬರೀತಾವ್ಳೆ. ಈ ಹುಕ್ಸ್ ಹಾಕಿ ನಾನೇ ತೊಳೀತೀನಿ," ಅಂದಳು ಮಂಜುಶ್ರೀ.

"ಬರ್ದು ಬರ್ದು ಏನಾಗ್ಬೇಕು? ನೀನು ಬಿ.ಎ. ಬರ್ದು ಏನ್ ಕಡ್ದು ಕಟ್ಟೆ ಆಕ್ದೆ? ಊರೋರ ರವಿಕೆ ಒಲ್ಕೊಂಡು ಕುಂತಿದ್ದೀಯ."

ಇಂಥದ್ದನ್ನು ಮಾತ್ರ ಅವಳು ಪೀಠಿಕೆ ಇಲ್ಲದೆ ಹೇಳುತ್ತಿದ್ದಳು, ನೋಡಿ. ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಂಜುಶ್ರೀ ಹುಕ್ಸ್ ಹಾಕಿ ಮುಗಿಸಿದಳು, ದಾರ ಕತ್ತರಿಸಿದಳು, ರವಿಕೆ ಮಡಚಿ ಕೊಟ್ಟಳು, ಪಾತ್ರೆಯನ್ನೂ ತೊಳೆದಳು. ಬೆಳಿಗ್ಗೆ ಮಿಷಿನ್ನಿಗೆ ಹಳೇ ಸೀರೆ ಹೊದಿಸಿ, ಕೊಕ್ಕರೆ ಬೆಳ್ಳೂರಿನ ತವರಿಗೆ ಬಸ್ಸು ಹತ್ತಿದಳು.

ಶಿವರಾಮು ಫೋನ್ ಮಾಡಿದ. ಹೆಂಡತಿ ಮಗಳ ಊಟ ಕೇಳಿದಳು, ಓದು ಕೇಳಿದಳು, ಕೊನೆಗೆ ಇಷ್ಟು ಹೇಳಿದಳು. "ನೀವು ಬರೋದು ಬೇಡ. ಅಂದೋರು ಬಂದು ಕರೀಲಿ, ಅವತ್ತೇ ಬರ್ತೀನಿ."

ಶಿವರಾಮು ಅದನ್ನು ತಾಯಿಗೆ ತಲುಪಿಸಿದ. ಪಟ್ಟಲಮ್ಮ ಮೊರದಲ್ಲಿ ರಾಗಿ ಹಾರಿಸುತ್ತಾ, "ನಾನ್ಯಾಕೆ ಓಗ್ಲಿ? ಅತ್ತೆಯಾದೋಳು ಒಂದು ಮಾತು ಅನ್ನಂಗೇ ಇಲ್ವಾ?" ಅಂದಳು.

"ಅನ್ನು. ಮುದ್ದೆ ಮಾತ್ರ ಗಂಟಿಲ್ದಂಗೆ ಮಾಡು," ಅಂದ ಶಿವರಾಮು.

ಮುದ್ದೆಯ ವಿಚಾರ ಸುಳ್ಳಲ್ಲ. ಪಟ್ಟಲಮ್ಮನ ಮಣಿಕಟ್ಟಿನಲ್ಲಿ ಮೊದಲಿನ ಕಸುವು ಇರಲಿಲ್ಲ. ಗಂಡ ಮಹದೇವಯ್ಯ, ತಾಲ್ಲೂಕಾಫೀಸಿನಲ್ಲಿ ಜವಾನನಾಗಿದ್ದು ರಿಟೈರಾದವನು, ಮುದ್ದೆ ಮುರಿದು, ಗಂಟನ್ನು ತಟ್ಟೆಯ ಅಂಚಿಗೆ ಸರಿಸಿ, ಮಾತಾಡದೆ ಉಣ್ಣುತ್ತಿದ್ದ. ಊಟ ಮುಗಿಯುವ ಹೊತ್ತಿಗೆ ತಟ್ಟೆಯ ಅಂಚಿನಲ್ಲಿ ಗಂಟುಗಳ ಸಾಲು. ಬಯ್ದಿದ್ದರೂ ಆಗುತ್ತಿತ್ತು, ಆ ಸಾಲು ನೋಡಿದರೆ ಪಟ್ಟಲಮ್ಮನ ಹೊಟ್ಟೆ ಉರಿಯುತ್ತಿತ್ತು. ಮನೆ ಬಿಕೋ ಅನ್ನುತ್ತಿತ್ತು. ಸಂಜೆಯಾದರೆ ಮಿಷಿನ್ ಸದ್ದಿಲ್ಲ. ಇದ್ದಾಗ ತಲೆ ಚಿಟ್ಟು ಹಿಡಿಸುತ್ತದೆ ಅಂತ ಬಯ್ದ ಸದ್ದು ಅದು. ಈಗ ಅದಿಲ್ಲದೆ ಅವಳಿಗೆ ಸೊಸೆಯ ನೆನಪು ಬರುತ್ತಿತ್ತು, ಬಂದದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಚಂದನ ಮಾತ್ರ ಅದೇ ಜಾಗದಲ್ಲಿ ಚಾಪೆ ಹಾಸಿಕೊಂಡು ಬರೆಯುತ್ತಿದ್ದಳು. ಬರೆದದ್ದನ್ನು ಓದಿ ಹೇಳಲು ಯಾರಾದರೂ ಬೇಕಲ್ಲ. ಅವರೆಕಾಯಿ ಸುಲಿಯುತ್ತಾ ಕೂತ ಅಜ್ಜಿಯ ಮುಂದೆ ಓದಿದಳು.

"ಗ್ರಂಥಾಲಯಗಳ ಮಹತ್ವ. ಗ್ರಂಥಾಲಯವೆಂದರೆ ಜ್ಞಾನದ..."

"ತಡಿ ತಡಿ," ಅಂದಳು ಪಟ್ಟಲಮ್ಮ. "ಇದೇನೆ ಇದು, ಮಕಕ್ಕೆ ಒಡ್ದಂಗೆ. ಓದೋರು ಯಾರೋ ಏನೋ. ನೀನ್ಯಾರು, ಯಾವೂರು, ಆ ಗ್ರಂಥಾಲ್ಯ ಯಾರ್ ಮನೆ ಪಕ್ಕ ಐತೆ, ಅದೆಲ್ಲ ಯೋಳ್ಬೇಡ್ವಾ? ಮೊದ್ಲು ಮನುಸ್ರನ್ನ ಮಾತಾಡ್ಸು. ಆಮೇಲೆ ನಿನ್ ವಿಸ್ಯ."

"ಅವ್ವ ಹಂಗೆ ಹೇಳ್ಕೊಟ್ಟಿಲ್ಲ ಅಜ್ಜಿ."

"ನಿಮ್ಮವ್ವನ್ಗೆ ಮಾತಾಡಕ್ಕೆ ಬಂದಿದ್ರೆ ಇಂಗ್ಯಾಕೆ ಓಗಿ ಕುಂತ್ಕತಿದ್ಲು?"

ಚಂದನ ತಲೆ ತಗ್ಗಿಸಿದಳು. ಅಜ್ಜಿಗೂ ಅಂದದ್ದು ಜಾಸ್ತಿಯಾಯಿತು ಅನ್ನಿಸಿತು. ಸುಲಿದ ಅವರೆಕಾಳಿನಲ್ಲಿ ಒಂದು ಹಿಡಿ ಹುರಿದು ಉಪ್ಪು ಖಾರ ಹಾಕಿ ಮೊಮ್ಮಗಳ ಮುಂದಿಟ್ಟಳು. ಹುಡುಗಿ ಅದನ್ನು ತಿನ್ನುತ್ತಾ ಅಜ್ಜಿ ಹೇಳಿದಂತೆಯೇ ಬರೆದಳು. ಅವ್ವ ಫೋನಿನಲ್ಲಿ ಕೇಳಿದಾಗ, "ಚೆನ್ನಾಗಿ ಬರೀತಿದ್ದೀನಿ ಅವ್ವ," ಅಂದಳು.

ಪರೀಕ್ಷೆ ಹತ್ತಿರ ಬಂತು. ಚಂದನ ಊಟ ಸೇರದೆ ಸಣ್ಣಗಾದಳು. ಒಂದು ಬೆಳಿಗ್ಗೆ ಪಟ್ಟಲಮ್ಮ ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಕೈಮುಗಿದು, "ನಾನೇ ಓಗಿ ಬತ್ತೀನಿ," ಅಂದಳು.

ಮಹದೇವಯ್ಯ ಕನ್ನಡಕದ ಮೇಲಿಂದ ನೋಡಿದ. "ಓಗಿ ಏನಂತ ಯೋಳ್ತೀಯ?"

"ಅದ್ನೆಲ್ಲ ನಂಗೆ ಯೋಳ್ಕೊಡಬ್ಯಾಡ. ಎಷ್ಟು ಮನೆ ಮಾತು ಕೂಡ್ಸಿಲ್ಲ ನಾನು."

ಮಳವಳ್ಳಿಗೆ ಒಂದು ಬಸ್ಸು, ಮದ್ದೂರಿಗೆ ಇನ್ನೊಂದು, ಅಲ್ಲಿಂದ ಬೆಳ್ಳೂರಿಗೆ ಮತ್ತೊಂದು. ಬಾಳೆಹಣ್ಣು, ಕಡ್ಲೆಪುರಿ ಹಿಡಿದು ಇಳಿದಾಗ ಹುಣಸೆ ಮರಗಳ ತುಂಬ ಕೊಕ್ಕರೆ, ಹೆಜ್ಜಾರ್ಲೆಗಳ ಗಲಾಟೆ. ಮಂಜುಶ್ರೀಯ ತಂದೆ ಚೌಡಯ್ಯ ಬಾಗಿಲಿಗೇ ಬಂದು ಬರಮಾಡಿಕೊಂಡ. ಕೈಕಾಲಿಗೆ ನೀರು, ಕುಡಿಯಲು ನೀರು, ಬೆಲ್ಲದ ಚೂರು. ಮಂಜುಶ್ರೀ ಅಡುಗೆಮನೆ ಬಾಗಿಲಲ್ಲಿ ಕಾಣಿಸಿಕೊಂಡು, "ಬಂದ್ರಾ ಅತ್ತೆ? ಚಂದನ ಚೆನ್ನಾಗವ್ಳಾ?" ಅಂದಳು. "ಅವ್ಳೆ ಕಣವ್ವ," ಅಂದಳು ಪಟ್ಟಲಮ್ಮ. ಸೊಸೆ ಒಳಗೆ ಹೋದಳು.

"ಈ ಸಲ ಕೊಕ್ಕರೆ ಜಾಸ್ತಿ ಬಂದಂಗವೆ ಬೀಗ್ರೆ," ಅಂತ ಪಟ್ಟಲಮ್ಮ ಪೀಠಿಕೆ ಶುರು ಮಾಡಿದಳು.

"ಬಂದವೆ. ಮರಿ ದೊಡ್ಡವಾದ್ರೆ ಅವೇ ಎದ್ದು ಓಯ್ತವೆ. ಯಾರೂ ಕರೀಬೇಕಾಗಿಲ್ಲ," ಅಂದ ಚೌಡಯ್ಯ.

"ಇರೋವಷ್ಟು ದಿನ ಯಾರೂ ಕಲ್ಲು ಎಸೀದಿದ್ರೆ ಸಾಕು," ಅಂತ ಅವನ ಹೆಂಡತಿ ಕಾಫಿ ತಂದಿಟ್ಟಳು.

ಕಲ್ಲು ಯಾವುದು, ಎಸೆದವರು ಯಾರು ಅಂತ ಪಟ್ಟಲಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ಪದ್ಧತಿ ಬಿಡಲಿಲ್ಲ. ಹಸು ಎಷ್ಟು ಹಾಲು ಕೊಡುತ್ತದೆ ಕೇಳಿದಳು, ಭತ್ತದ ರೇಟು ಕೇಳಿದಳು, ಚೌಡಯ್ಯನ ತಂಗಿಯ ಮಗಳ ಬಾಣಂತನ ಕೇಳಿದಳು. ಊಟಕ್ಕೆ ಕೂರಿಸಿದರು. ಮಂಜುಶ್ರೀ ಬಡಿಸಿದಳು. ಮುದ್ದೆಯಲ್ಲಿ ಒಂದು ಗಂಟಿಲ್ಲ, ಬೆಣ್ಣೆಯ ಹಾಗೆ ಜಾರಿತು. ಕೇಳದೆಯೇ ಸಾರಿನ ಮೇಲೆ ತುಪ್ಪ ಬಿತ್ತು. ಅತ್ತೆಗೆ ತುಪ್ಪ ಇಲ್ಲದೆ ಸೇರುವುದಿಲ್ಲ ಅಂತ ಅವಳಿಗೆ ಗೊತ್ತು. ಪಟ್ಟಲಮ್ಮ ತಲೆ ಎತ್ತದೆ ಉಂಡಳು.

ಕೈ ತೊಳೆದು, ಎಲೆಅಡಿಕೆ ಹಾಕಿಕೊಂಡು, ಚೀಲ ತೆಗೆದುಕೊಂಡು ಎದ್ದಳು. ಹೊಸಿಲಿಗೆ ಬಂದಳು. ಈಗ ಸರಿಯಾದ ಜಾಗ, ಸರಿಯಾದ ಹೊತ್ತು. ಸೆರಗು ಸರಿ ಮಾಡಿಕೊಂಡಳು.

"ಅಂದಂಗೆ ಬೀಗ್ರೆ..."

ಬೀದಿ ಕೊನೆಯಲ್ಲಿ ಬಸ್ಸಿನ ಹಾರನ್ ಕೇಳಿತು.

"ಅಯ್ಯೋ, ಬಸ್ಸು ಬಂದೇ ಬುಡ್ತು. ಓಡಿ ಅಕ್ಕ, ಇದು ತಪ್ಪಿದ್ರೆ ಮಳವಳ್ಳಿ ತಾವ ಕತ್ತಲಾಯ್ತದೆ," ಅಂತ ಚೌಡಯ್ಯ ತಾನೇ ಚೀಲ ಕಿತ್ತುಕೊಂಡು ಮುಂದೆ ಓಡಿದ. ಪಟ್ಟಲಮ್ಮ ಸೀರೆ ಎತ್ತಿ ಕಟ್ಟಿ ಹಿಂದೆ ಓಡಿದಳು. ಬಸ್ಸು ಹತ್ತಿಸಿದ್ದೂ ಆಯಿತು, ಕೈ ಬೀಸಿದ್ದೂ ಆಯಿತು. ಮದ್ದೂರು ಬರುವವರೆಗೂ ಅವಳು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ತನ್ನನ್ನೇ ಬಯ್ದುಕೊಂಡಳು. ಅಲ್ಲ, ಮಾತು ಹೇಳಲೆಂದೇ ಮೂರು ಬಸ್ಸು ಹತ್ತಿ ಹೋದವಳು ಹೇಳದೆ ಬರುವುದೇ?

ಮನೆಯಲ್ಲಿ ಮೂವರೂ ಬಾಗಿಲಲ್ಲೇ ಕಾಯುತ್ತಿದ್ದರು.

"ಏನಂದ್ಲು?" ಅಂದ ಶಿವರಾಮು.

"ಏನೂ ಅನ್ನಲಿಲ್ಲ."

"ನೀನೇನಂದೆ?"

"ನಾನೂ ಏನೂ ಅನ್ನಲಿಲ್ಲ. ಅನ್ನಬೇಕು ಅಂತ ಎದ್ದೆ, ಬಸ್ಸು ಬಂತು."

ಶಿವರಾಮು ತಾನು ಡ್ರೈವರು ಅನ್ನುವುದನ್ನೂ ಮರೆತು ಬಸ್ಸುಗಳನ್ನೆಲ್ಲ ಬಯ್ದ. ಮಹದೇವಯ್ಯ ನಕ್ಕುಬಿಟ್ಟ. ಪಟ್ಟಲಮ್ಮ ಯಾರಿಗೂ ಬಡಿಸದೆ ಹೋಗಿ ಮಲಗಿದಳು. ಆ ಹೊತ್ತು ಅನ್ನಕ್ಕಿಟ್ಟವಳು ಚಂದನ.

ಪೂರ್ವಸಿದ್ಧತಾ ಪರೀಕ್ಷೆ ಬಂತು, ಹೋಯಿತು. ಕನ್ನಡ ಪೇಪರು ಕೊಟ್ಟ ದಿನ ಚಂದನ ಮನೆಗೆ ಬಂದು ಬ್ಯಾಗು ಮೂಲೆಗೆ ಹಾಕಿ ಕೂತಳು. ಶಿವರಾಮು ಪೇಪರು ತೆಗೆದು ನೋಡಿದ. ಪ್ರಬಂಧಕ್ಕೆ ಐದಕ್ಕೆ ಬರೀ ಅರ್ಧ ಅಂಕ.

"ಅರ್ಧ ಅಂಕ ಯಾವುದಕ್ಕೆ ಕೊಟ್ಟಿದ್ದಾರೆ?" ಅಂದ.

"ಅಕ್ಷರ ದುಂಡಗಿದೆ ಅಂತ," ಅಂದಳು ಚಂದನ.

ಶಿವರಾಮು ಗಟ್ಟಿಯಾಗಿ ಓದಿದ. "ಗ್ರಂಥಾಲಯಗಳ ಮಹತ್ವ. ನನ್ನ ಹೆಸರು ಚಂದನ. ನಮ್ಮ ಊರು ಪೂರಿಗಾಲಿ. ನಮ್ಮ ಊರಿನ ಗ್ರಂಥಾಲಯದ ಬೀಗದ ಕೈ ಚಿಕ್ಕಬೋರಯ್ಯನವರ ಹತ್ತಿರ ಇರುತ್ತದೆ. ಅವರ ಹೆಂಡತಿಯ ತವರು ಕಿರುಗಾವಲು. ಅವರಿಗೆ ಮೂರು ಜನ ಮಕ್ಕಳು, ಎಲ್ಲರೂ ಸೌಖ್ಯವಾಗಿದ್ದಾರೆ." ಮುಂದೆ ಎರಡು ಪುಟ ಚಿಕ್ಕಬೋರಯ್ಯನ ಬಂಧುಬಳಗ. ಕೊನೆಯ ಸಾಲು ಹೀಗಿತ್ತು: "ಅಂದಹಾಗೆ, ಗ್ರಂಥಾಲಯದಿಂದ". ಅಲ್ಲಿಗೆ ನಿಂತಿತ್ತು. ಕೆಳಗೆ ಕೆಂಪು ಶಾಯಿಯಲ್ಲಿ ಪ್ರಸನ್ನ ಮೇಷ್ಟ್ರು ಬರೆದಿದ್ದರು: "ವಿಷಯ ಎಲ್ಲಿ?"

"ಅಷ್ಟೊತ್ತಿಗೆ ಬೆಲ್ ಹೊಡೀತು ಅಪ್ಪ," ಅಂದಳು ಚಂದನ.

"ತಲೆ ನೆಟ್ಟಗಿದ್ಯಾ ಇಲ್ವಾ? ಈ ತರ ಬರಿ ಅಂತ ಯಾರು ಹೇಳ್ಕೊಟ್ರು ನಿಂಗೆ?"

ಚಂದನ ಹೇಳಲಿಲ್ಲ. ಅಜ್ಜಿಯ ಕಡೆ ನೋಡಲೂ ಇಲ್ಲ. ಆ ನೋಡದೆ ಇದ್ದದ್ದೇ ಪಟ್ಟಲಮ್ಮನ ಬಾಯಿ ಬಿಡಿಸಿತು.

"ನಾನು ಕಣ್ಲಾ," ಅಂದಳು. "ಮಗೀನ ಬಯ್ಯಬ್ಯಾಡ. ಯೋಳ್ಕೊಟ್ಟೋಳು ನಾನು."

"ಸರಿಹೋಯ್ತು. ಸೊಸೇನೂ ಕಳಿಸ್ದೆ, ಮೊಮ್ಮಗಳ ಮಾರ್ಕೂ ಕಳಿಸ್ದೆ," ಅಂದ ಶಿವರಾಮು.

"ಸಾಕು ಸುಮ್ಕಿರ್ಲಾ," ಅಂದ ಮಹದೇವಯ್ಯ. ಅವನು ಈ ಮೂರು ವಾರದಲ್ಲಿ ಗಟ್ಟಿಯಾಗಿ ಆಡಿದ್ದು ಅದೊಂದೇ ಮಾತು. ಶಿವರಾಮು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ.

ಪಟ್ಟಲಮ್ಮ ಮೊಮ್ಮಗಳ ಪಕ್ಕ ಬಂದು ಕೂತಳು. "ಮೇಷ್ಟ್ರು ಏನಂದ್ರು ಕೂಸೆ?"

"ಮೊದಲನೇ ವಾಕ್ಯದಲ್ಲೇ ವಿಷಯ ಬರಬೇಕಂತೆ. ಓದೋರಿಗೆ ನೂರಾರು ಪೇಪರು ಇರ್ತವೆ, ಅವರು ನಿನಗೆ ಅಂತ ಕಾಯಲ್ಲ, ಬೆಲ್ಲೂ ಕಾಯಲ್ಲ ಅಂದ್ರು." ಹುಡುಗಿ ಮೂಗು ಒರೆಸಿಕೊಂಡಳು. "ಅವ್ವನೂ ಇದನ್ನೇ ಹೇಳ್ತಿತ್ತು."

"ಬೆಲ್ಲೂ ಕಾಯಕಿಲ್ಲ, ಬಸ್ಸೂ ಕಾಯಕಿಲ್ಲ," ಅಂದಳು ಪಟ್ಟಲಮ್ಮ. ಎದ್ದು ಮಿಷಿನ್ನಿನ ಮೇಲೆ ಹೊದಿಸಿದ ಸೀರೆಯ ಧೂಳು ಕೊಡವಿದಳು. ಆಮೇಲೆ, "ಭಾನುವಾರ ನೀನೂ ನನ್ ಜೊತೆ ಬಾ," ಅಂದಳು.

ಭಾನುವಾರದ ಬಸ್ಸಿನಲ್ಲಿ ಚಂದನ ಮೇಷ್ಟ್ರಾದಳು.

"ಅಜ್ಜಿ, ಬಾಗಿಲಲ್ಲೇ ಹೇಳ್ಬೇಕು."

"ನೀರಾದ್ರೂ ಕುಡೀಬಾರ್ದಾ?"

"ನೀರು ಕುಡಿದ್ರೆ ಬೆಲ್ಲ ಕೊಡ್ತಾರೆ. ಬೆಲ್ಲ ತಿಂದ್ರೆ ಕಾಫಿಗೆ ಇಡ್ತಾರೆ. ಕಾಫಿ ಕುಡಿದ್ರೆ ಊಟಕ್ಕೆ ಏಳಿ ಅಂತಾರೆ. ಆಮೇಲೆ ಬಸ್ಸು."

"ಕೊಕ್ಕರೆ ಬಗ್ಗೆ ಒಂದೇ ಒಂದ್ ಮಾತು ಆಡ್ತೀನಿ ಕಣೆ. ಸುಮ್ಕೆ ಓಗಿ ನಿಂತ್ಕಂಡ್ರೆ ಏನಂದ್ಕಂಡಾರು?"

"ಕೊಕ್ಕರೆ ಬಗ್ಗೆ ಆಮೇಲೆ. ಎಲ್ಲಿ, ಮೊದಲನೇ ವಾಕ್ಯ ಹೇಳು ನೋಡಣ."

ಪಟ್ಟಲಮ್ಮ ಕಿಟಕಿಯಾಚೆ ನೋಡಿದಳು. ಕಬ್ಬಿನ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು. ಅತ್ತೆಯಾಗಿ ಇಷ್ಟು ವರ್ಷ ಬಾಳಿದವಳಿಗೆ ಆ ಒಂದು ವಾಕ್ಯ ನಾಲಿಗೆಗೆ ಬರಲೊಲ್ಲದು. ಮಳವಳ್ಳಿ ದಾಟಿತು, ಮದ್ದೂರೂ ಬಂತು. "ಅಲ್ಲೇ ಯೋಳ್ತೀನಿ ಬುಡು," ಅಂದಳು. ಚಂದನ ಅಜ್ಜಿಯ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಬೆಳ್ಳೂರಿನಲ್ಲಿ ಭಾನುವಾರದ ಜನ. ಪೇಟೆಯಿಂದ ಬಂದವರು ಕ್ಯಾಮೆರಾ ಹಿಡಿದು ಚೌಡಯ್ಯನ ಮನೆಯ ಎದುರಿನ ಹುಣಸೆ ಮರದ ಕೆಳಗೆ ನಿಂತಿದ್ದರು. ಚೌಡಯ್ಯ ತಂಬಿಗೆ ಹಿಡಿದು ಬಂದ. "ಬನ್ನಿ ಅಕ್ಕ, ಬನ್ನಿ. ಮೊಮ್ಮಗಳೂ ಬಂದವ್ಳೆ. ಕೈಕಾಲು ತೊಳ್ಕಳಿ."

ಪಟ್ಟಲಮ್ಮ ಹೊಸಿಲಾಚೆಯೇ ನಿಂತಳು. ತಂಬಿಗೆಗೆ ಕೈ ಚಾಚಿಬಿಟ್ಟಿದ್ದಳು, ಚಂದನ ಸೆರಗು ಜಗ್ಗಿದಳು. ಚಾಚಿದ ಕೈ ಹಿಂದಕ್ಕೆ ಬಂತು.

"ತೊಳ್ಕತೀನಿ ಬೀಗ್ರೆ. ಅದ್ಕಿಂತ ಮುಂಚೆ ಮಂಜುಶ್ರೀನ ಕರೀರಿ."

ಮಂಜುಶ್ರೀ ಒಳಗಿನಿಂದ ಬಂದು ನಡುಮನೆಯಲ್ಲಿ ನಿಂತಳು. ಹಿಂದೆ ಅವಳ ತಾಯಿ.

"ನಿನ್ನ ಕರ್ಯಕ್ಕೆ ಬಂದಿದ್ದೀನಿ ಕಣವ್ವ," ಅಂದಳು ಪಟ್ಟಲಮ್ಮ. ಹೊರಟಿತಲ್ಲ, ಉಳಿದದ್ದೂ ತಾನಾಗಿ ಬಂತು. "ಅವತ್ತು ನಾನಂದಿದ್ದು ತೆಪ್ಪು. ನಾಕು ಜನದ ಮುಂದೆ ಅಂದೆ, ನಾಕು ಜನದ ಮುಂದೇ ಒಪ್ಕತೀನಿ. ನಿನ್ನ ಓದು ಏನ್ ಮಾಡ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ. ನೀನಿಲ್ದೆ ನಮ್ ಮನೇಲಿ ಒಂದೂ ಸರಿಯಾಗಿಲ್ಲ. ಮುದ್ದೆ ಗಂಟು. ಮಿಸಿನ್ ಸದ್ದಿಲ್ದೆ ಸಂಜೆ ಓಗಕಿಲ್ಲ. ಬಾ ಮಗ, ಮನೆಗೆ."

ಮರದ ಕೆಳಗಿದ್ದ ಕ್ಯಾಮೆರಾದವರೂ ತಿರುಗಿ ನೋಡಿದರು. ಚೌಡಯ್ಯ ತಂಬಿಗೆ ಹಿಡಿದುಕೊಂಡೇ ನಿಂತ. ಬೀಗರು ಬಾಗಿಲಲ್ಲೇ ಇಂಥ ಮಾತು ಆಡಿಬಿಟ್ಟರೆ ಮುಂದೆ ಏನು ಮಾಡಬೇಕು ಅಂತ ಅವನ ವಂಶದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಮಂಜುಶ್ರೀ ತಿರುಗಿ ಒಳಗೆ ಹೋದಳು. ಮೊದಲೇ ಹೇಳಿ ಕೆಡಿಸಿದೆನೇನೋ, ಪದ್ಧತಿ ಬಿಡಬಾರದಿತ್ತೇನೋ ಅಂತ ಪಟ್ಟಲಮ್ಮ ಅಂದುಕೊಳ್ಳುವಷ್ಟರಲ್ಲಿ ಸೊಸೆ ಹೊರಗೆ ಬಂದಳು. ಕೈಯಲ್ಲಿ ಬ್ಯಾಗು. ಜಿಪ್ಪು ಹಾಕಿ, ಮೇಲೆ ಹಗ್ಗ ಕಟ್ಟಿ ಸಿದ್ಧವಾಗಿತ್ತು.

"ಇಷ್ಟು ಬೇಗ ತುಂಬ್ಕೊಂಡ್ಯಾ?" ಅಂದಳು ಪಟ್ಟಲಮ್ಮ.

"ಇವತ್ತು ತುಂಬಿದ್ದಲ್ಲ ಅತ್ತೆ. ಅವತ್ತು ನೀವು ಬಂದ್ರಲ್ಲ, ಊಟಕ್ಕೆ ಬಡಿಸಿ ಒಳಗೆ ಹೋಗಿ ತುಂಬಿದೆ." ಮಂಜುಶ್ರೀ ಬ್ಯಾಗನ್ನು ಹೊಸಿಲ ಮೇಲಿಟ್ಟಳು. "ನೀವು ಎದ್ದಾಗ ಇದೇ ಬ್ಯಾಗು ಹಿಡ್ಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಅಂದಂಗೆ ಅಂದ್ರಿ. ನಾನು ಚಪ್ಪಲಿ ಹಾಕ್ಕೊಂಡೆ. ಆಮೇಲೆ ನೀವು ಬಸ್ಸಿಗೆ ಓಡಿದ್ರಿ. ಇನ್ನೊಂದ್ ಸಲ ಬಂದೇ ಬರ್ತೀರ ಅಂತ ಬಿಚ್ಚೇ ಇಲ್ಲ."

ಪಟ್ಟಲಮ್ಮ ಜಗುಲಿಯ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಂಜುಶ್ರೀ ಹೊಸಿಲು ದಾಟಿ ಬಂದು ಪಕ್ಕದಲ್ಲಿ ಕೂತಳು. ಅತ್ತೆಯ ಮಣಿಕಟ್ಟು ಹಿಡಿದು ನೋಡಿ, "ಊದಿಕೊಂಡದೆ. ಇದರಲ್ಲಿ ಮುದ್ದೆ ತೊಳಸಿದ್ರಾ?" ಅಂದಳು.

"ಅವ್ವ, ನಂಗೆ ಪ್ರಬಂಧಕ್ಕೆ ಅರ್ಧ ಅಂಕ," ಅಂದಳು ಚಂದನ. ಮೊದಲೇ ಹೇಳುವ ದಿನ ಅಲ್ಲವೇ ಅದು, ಅವಳೂ ಹೇಳಿಬಿಟ್ಟಳು. "ಫೋನಲ್ಲಿ ಸುಳ್ಳು ಹೇಳಿದ್ದೆ."

ಮಂಜುಶ್ರೀ ಮಗಳನ್ನು ನೋಡಿದಳು, ಅತ್ತೆಯನ್ನೂ ನೋಡಿದಳು. ನಗು ತಡೆದುಕೊಂಡಳು. "ಏನು ವಿಷಯ ಕೊಟ್ಟಿದ್ರು?"

"ಗ್ರಂಥಾಲಯ."

"ಮೊದಲನೇ ವಾಕ್ಯ ಹೇಳು."

"ಪುಸ್ತಕ ಕೊಳ್ಳಲಾಗದವರೂ ಓದಬಹುದಾದ ಮನೆಯೇ ಗ್ರಂಥಾಲಯ."

"ಇದನ್ನೇ ಬರೆಯೋಕೆ ಏನಾಗಿತ್ತು?"

"ಚಿಕ್ಕಬೋರಯ್ಯ ಅಡ್ಡ ಬಂದ್ರು," ಅಂದಳು ಚಂದನ. ಪಟ್ಟಲಮ್ಮ ಸೆರಗಿನೊಳಗೇ ನಕ್ಕಳು, ಅಳು ಇನ್ನೂ ಮುಗಿದಿರಲಿಲ್ಲ.

ಚೌಡಯ್ಯನಿಗೆ ಈಗ ಕೈಯಲ್ಲಿದ್ದ ತಂಬಿಗೆಯ ನೆನಪಾಯಿತು. ನೀರು ಕೊಟ್ಟ. ಪಟ್ಟಲಮ್ಮ ಕಣ್ಣು ಮುಖ ತೊಳೆದುಕೊಂಡಳು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಳು, ಕಾಲು ತೊಳೆದು ಒಳಗೆ ಬಂದು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಸುಖವಾಗಿ ಕೂತಳು.

"ಅಂದಂಗೆ ಬೀಗ್ರೆ," ಅಂದಳು, "ಈ ಸಲ ಕೊಕ್ಕರೆ ಜಾಸ್ತಿ ಬಂದಂಗವೆ."

ಒಳಗೆ ಕಾಫಿಗೆ ಇಟ್ಟರು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.